ಕಡಲಿಗೆ ಬೆನ್ನು ಹಾಕಿದ ಮನೆಗಳು

"ಮಾಷ್ಟ್ರೇ, ಮರವಂತೆ ಒಳ್ಳೆಯದೋ, ಗೋಕರ್ಣ ಒಳ್ಳೆಯದೋ?"

ಕಳೆದ ಮೂರು ನಾಲ್ಕು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕುಶಲೋಪರಿ ಮುಗಿಸಿದ ಕೂಡಲೇ ಕೇಳುವ ಪ್ರಶ್ನೆ ಇದು. ನಾನು ಭೂಗೋಳದ ಪಾಠ ಮಾಡುತ್ತಿರುವಾಗ ಕಿಟಕಿಯಾಚೆ ನೋಡುತ್ತಿದ್ದವರೆಲ್ಲ ಈಗ ಐವತ್ತೈದರ ಆಸುಪಾಸಿಗೆ ಬಂದಿದ್ದಾರೆ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ದುಬಾಯಿಯಲ್ಲಿ, ಅಮೆರಿಕೆಯಲ್ಲಿ ಮೂವತ್ತು ವರ್ಷ ದುಡಿದು ದಣಿದಿದ್ದಾರೆ. ಕಡೆಯ ದಿನಗಳನ್ನು ನೀರಿನ ಅಂಚಿನಲ್ಲಿ ಒಂದು ಮನೆ ಕಟ್ಟಿಕೊಂಡು ಕಳೆಯಬೇಕೆಂಬ ಆಸೆ ಅವರಿಗೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಆಸೆಯನ್ನು ಇಟ್ಟುಕೊಂಡು ಅವರು ನಡೆಸುತ್ತಿರುವ ಹುಡುಕಾಟದ ರೀತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅದನ್ನು ಮುಖದಾಕ್ಷಿಣ್ಯ ಬಿಟ್ಟು ಬರೆಯಬೇಕೆಂದೇ ಇಂದು ಕುಳಿತಿದ್ದೇನೆ. ಬೇಸರಪಡುವವರು ಪಡಲಿ, ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯಲ್ಲಿ ಗೀಟು ಎಳೆದವನಿಗೆ ಇದೇನೂ ಹೊಸತಲ್ಲ.

ನನ್ನ ತಂಗಿಯ ಮಗನ ಸಂಗತಿಯನ್ನೇ ಹೇಳುತ್ತೇನೆ. ಆತ ಗಣಕಯಂತ್ರದಲ್ಲಿ ಒಂದು ಕೋಷ್ಟಕ ಮಾಡಿ ಕಳುಹಿಸಿದ್ದ. ಎಡಗಡೆ ಊರುಗಳ ಹೆಸರು: ಸೋಮೇಶ್ವರ, ಸಸಿಹಿತ್ಲು, ಕಾಪು, ಕೋಡಿ ಬೆಂಗ್ರೆ, ಮರವಂತೆ, ಕಾಸರಕೋಡು, ಗೋಕರ್ಣ, ದೇವಬಾಗ. ಮೇಲುಗಡೆ ಗುಣಗಳ ಹೆಸರು: ನೋಟ, ಮರಳಿನ ಬಣ್ಣ, ಸೆಂಟ್ಸಿನ ದರ, ವಿಮಾನ ನಿಲ್ದಾಣಕ್ಕೆ ದೂರ, ಒಳ್ಳೆಯ ಕಾಫಿ ಸಿಗುವ ಜಾಗ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. "ಮಾವ, ನೀವು ಒಮ್ಮೆ ನೋಡಿ ಅಂಕ ತಿದ್ದಿ ಕೊಡಿ" ಎಂದ. ನಾನು ನೋಡಿದೆ. ಆ ಕೋಷ್ಟಕದಲ್ಲಿ ಜೂನ್ ತಿಂಗಳಿರಲಿಲ್ಲ. ಬಾವಿ ಇರಲಿಲ್ಲ. ಆಸ್ಪತ್ರೆ ಇರಲಿಲ್ಲ. ಆ ಊರುಗಳಲ್ಲಿ ಈಗಾಗಲೇ ವಾಸಿಸುತ್ತಿರುವ ಒಬ್ಬ ಮನುಷ್ಯನೂ ಇರಲಿಲ್ಲ. ಶೂನ್ಯ ಅಂಕ ಕೊಟ್ಟು ಹಿಂತಿರುಗಿಸಿದೆ.

ನಮ್ಮ ಕರಾವಳಿಯ ಹಳೆಯ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಸಮುದ್ರದ ಮೊರೆತ ಕಿವಿಗೆ ಬೀಳುವಷ್ಟು ಹತ್ತಿರ ಇದ್ದರೂ ಅವು ಕಡಲಿಗೆ ಬೆನ್ನು ಹಾಕಿ, ಮೂಡು ಬಾಗಿಲಿಟ್ಟು ಕುಳಿತಿರುತ್ತಿದ್ದವು. ಪಡುವಣ ಗೋಡೆಗೆ ಕಿಟಕಿ ಕಡಿಮೆ, ಇದ್ದರೂ ಕಿರಿದು. ಮಳೆಗಾಲಕ್ಕೆ ಮುನ್ನ ಆ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗದ್ದೆ ಬೈಲಿನಲ್ಲಿ, ಮನೆ ಅದಕ್ಕಿಂತ ಎತ್ತರದ ಬೆಟ್ಟಿನಲ್ಲಿ, ನಡುವೆ ತೆಂಗಿನ ತೋಟ. ಕಡಲ ದಂಡೆಯ ಹೊಯಿಗೆಯ ಮೇಲೆ ಇದ್ದದ್ದು ದೋಣಿ, ಬಲೆ, ದೋಣಿಯ ಚಪ್ಪರ. ಮೀನುಗಾರರೂ ತಮ್ಮ ಮನೆಗಳನ್ನು ತೆರೆಯ ಬಾಯಿಗೆ ಕೊಡದೆ, ಸಾಧ್ಯವಾದಷ್ಟು ಹಿಂದಿನ ತೆಂಗಿನ ನೆರಳಿಗೆ ಸರಿಸಿಯೇ ಕಟ್ಟಿಕೊಂಡವರು. ಇವರಿಗೆ ಸೌಂದರ್ಯದ ಅರಿವಿರಲಿಲ್ಲ ಎಂದು ತಿಳಿಯಬೇಡಿ. ನಮ್ಮ ನೆರೆಯ ಅಜ್ಜಿಯೊಬ್ಬರನ್ನು ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು "ನಿಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲವೇ?" ಎಂದು ಕೇಳಿದಾಗ, "ಕಡ್ಲ್ ಕಾಂಬುಕೆ ಕಡ್ಲಿಗೇ ಹೋತ್ರ್, ಮನೀಗ್ ಕರ್ಕಂಡ್ ಬತ್ರಾ?" ಎಂದು ಅವರು ಮರುಪ್ರಶ್ನೆ ಹಾಕಿದ್ದನ್ನು ನಾನೇ ಕೇಳಿದ್ದೇನೆ.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಓದಿ ಕಡಲ ತಡಿಯ ಬದುಕಿಗೆ ಮನಸೋತೆವೆಂದು ಹೇಳುವವರು ನನ್ನ ಶಿಷ್ಯರಲ್ಲೇ ಹಲವರು. ಅಂಥವರು ಅದನ್ನು ಮತ್ತೊಮ್ಮೆ ಓದಬೇಕು. ಮೂರು ತಲೆಮಾರಿನ ಆ ಕಥೆಯಲ್ಲಿ ಪಾರೋತಿ, ಸರಸೋತಿಯರ ದುಡಿಮೆಯನ್ನು ಕಳೆದರೆ ಉಳಿಯುವ ಕಡಲು ಎಷ್ಟು ಎಂದು ಲೆಕ್ಕ ಹಾಕಬೇಕು.

ಈಗ ನೆಲದ ವಿಷಯಕ್ಕೆ ಬರೋಣ. ಕಡಲ ದಂಡೆ ಎಂಬುದು ಗಟ್ಟಿ ಗಡಿಯಲ್ಲ, ಅದು ಉಸಿರಾಡುವ ವಸ್ತು ಎಂದು ನಾನು ಒಂಬತ್ತನೆಯ ತರಗತಿಯಲ್ಲಿ ಹೇಳಿದ್ದು ಯಾರಿಗಾದರೂ ನೆನಪಿದೆಯೇ? ಮುಂಗಾರಿನ ಎತ್ತರದ ತೆರೆಗಳು ದಂಡೆಯ ಹೊಯಿಗೆಯನ್ನು ಕೊರೆದು ಒಳಗಡೆಗೆ ಎಳೆದುಕೊಂಡು ಹೋಗಿ ನೀರಿನಡಿಯಲ್ಲಿ ದಿಬ್ಬವಾಗಿ ಇಡುತ್ತವೆ. ಮಳೆ ಹಿಂತೆಗೆದ ಮೇಲೆ ಬರುವ ತಗ್ಗು ತೆರೆಗಳು ಅದನ್ನೇ ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ಸುರಿಯುತ್ತವೆ. ನೀವು ಡಿಸೆಂಬರಿನ ರಜೆಯಲ್ಲಿ ಬಂದು ನೋಡುವ ಅಗಲವಾದ ದಂಡೆ ಜುಲೈಯಲ್ಲಿ ಅಲ್ಲಿರುವುದಿಲ್ಲ. ಇದು ವರ್ಷದ ಉಸಿರಾಟ. ಇದರ ಜೊತೆಗೆ ತೆರೆಗಳು ಓರೆಯಾಗಿ ಬಡಿಯುವುದರಿಂದ ಹೊಯಿಗೆ ದಂಡೆಗುಂಟ ಸಾಗುತ್ತಲೂ ಇರುತ್ತದೆ. ಅಡ್ಡವಾಗಿ ಒಂದು ಕಲ್ಲಿನ ಗೋಡೆ ಹಾಕಿದಿರೋ, ಒಂದು ಬದಿಯಲ್ಲಿ ಹೊಯಿಗೆ ಪೇರಿಸಿಕೊಳ್ಳುತ್ತದೆ, ಇನ್ನೊಂದು ಬದಿ ಹಸಿದು ಕರಗುತ್ತದೆ. ಬಂದರಿಗೆ ಕಟ್ಟಿದ ಗೋಡೆ, ಹೊಳೆಯಿಂದ ತೆಗೆದ ಮರಳು, ಮೇಲುಗಡೆ ಕಟ್ಟಿದ ಅಣೆಕಟ್ಟು, ಎಲ್ಲವೂ ಕೊನೆಗೆ ಯಾರದೋ ಹಿತ್ತಲಿನ ತೆಂಗಿನ ಬುಡಕ್ಕೆ ಬಂದು ತಲಪುತ್ತವೆ.

ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ತಿಳಿಸಿದೆ. ಕರ್ನಾಟಕದ ಪಾಲಿಗೆ ಅದು ಸುಮಾರು ಕಾಲು ಭಾಗ. "ಹಾಗಾದರೆ ಉಳಿದ ಮುಕ್ಕಾಲು ಭಾಗದಲ್ಲಿ ಕೊಳ್ಳುತ್ತೇವೆ" ಎಂದು ನನ್ನ ಅಳಿಯ ಥಟ್ಟನೆ ಹೇಳಿದ. ಜಾಣತನದ ಉತ್ತರ. ಆದರೆ ಇಂದು ಬೆಳೆಯುತ್ತಿರುವ ದಂಡೆಯ ದಕ್ಷಿಣಕ್ಕೋ ಉತ್ತರಕ್ಕೋ ನಾಳೆ ಒಂದು ಹೊಸ ಬಂದರು ಬಂದರೆ ಆ ಲೆಕ್ಕವೆಲ್ಲ ತಲೆಕೆಳಗು. ಇದರ ಮೇಲೆ, 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ. ತಗ್ಗಾದ ಹೊಯಿಗೆ ದಂಡೆಯಲ್ಲಿ ಒಂದು ಗೇಣು ಎತ್ತರ ಎಂದರೆ ಎಷ್ಟೋ ಮಾರು ಅಗಲ.

ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಬಟ್ಟಂಪಾಡಿಯ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನೇತ್ರಾವತಿ–ಗುರುಪುರ ನದಿಗಳ ಅಳಿವೆಗೆ ಗೋಡೆಗಳು ಬಂದ ನಂತರ ದಕ್ಷಿಣದ ದಂಡೆ ಪಟ್ಟ ಪಾಡನ್ನು ಪ್ರತಿ ಮಳೆಗಾಲದ ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ಬಂಡೆಗಳ ದಿಬ್ಬ ಕಟ್ಟಬೇಕಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ದಡವನ್ನು ಮುಟ್ಟದೆ ಕಡಲಿನಲ್ಲೇ ಉತ್ತರಕ್ಕೆ ಹಾದುಹೋಯಿತು. ಹಾದುಹೋಗುವಾಗಲೇ ದಂಡೆಯ ರಸ್ತೆ, ಮನೆ, ತೋಟಗಳನ್ನು ಕೆಡವಿತು. ಆಸ್ಪತ್ರೆಗಳ ಸಾಮೀಪ್ಯದಲ್ಲಿ ಮಂಗಳೂರಿಗೆ ಸಮನಾದ ಊರು ನಮ್ಮ ಕರಾವಳಿಯಲ್ಲಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಮಂಗಳೂರಿನಲ್ಲೇ ಇರಿ. ಸೋಮೇಶ್ವರದ ತೆರೆಯ ಬಾಯಿಗೆ ಯಾಕೆ ಹೋಗುತ್ತೀರಿ?

ಇನ್ನು ಕೋಡಿ ಬೆಂಗ್ರೆ, ಸಸಿಹಿತ್ಲು, ದೇವಬಾಗ. ಮೂರು ಜಾಹೀರಾತುಗಳಲ್ಲಿಯೂ ಒಂದೇ ಮಾತು: "ಒಂದು ಕಡೆ ನದಿ, ಇನ್ನೊಂದು ಕಡೆ ಸಾಗರ." ಮಕ್ಕಳೇ, ಒಂದು ಕಡೆ ನದಿ ಇನ್ನೊಂದು ಕಡೆ ಸಾಗರ ಇರುವ ಮರಳಿನ ನಾಲಗೆ ಯಾರ ಸೃಷ್ಟಿ ಎಂದುಕೊಂಡಿರಿ? ನದಿ ತಂದ ಹೊಯಿಗೆಯನ್ನು ಕಡಲು ತಳ್ಳಿ ಮಾಡಿದ ನೆಲ ಅದು. ಇಬ್ಬರ ಜಗಳದ ನಡುವಿನ ತಾತ್ಕಾಲಿಕ ಒಪ್ಪಂದ. ಸುವರ್ಣಾ–ಸೀತಾ ನದಿಗಳ ಅಳಿವೆಯಾಗಲಿ, ಶಾಂಭವಿ–ನಂದಿನಿಯರ ಅಳಿವೆಯಾಗಲಿ, ಕಾಳಿಯ ಅಳಿವೆಯಾಗಲಿ, ಒಪ್ಪಂದವನ್ನು ಮುರಿಯುವ ಮೊದಲು ಯಾರೂ ನಿಮಗೆ ನೋಟೀಸು ಕೊಡುವುದಿಲ್ಲ. ನಮ್ಮ ಹಿರಿಯರು ಊರಿಗೆ 'ಕೋಡಿ', 'ಬೆಂಗ್ರೆ', 'ಕುದ್ರು' ಎಂದು ಹೆಸರಿಡುವಾಗಲೇ ಎಚ್ಚರಿಕೆಯನ್ನೂ ಸೇರಿಸಿಟ್ಟಿದ್ದಾರೆ. ದಲ್ಲಾಳಿಗಳು ಅದನ್ನು 'ಸೀ ಬ್ರೀಜ್ ಐಲ್ಯಾಂಡ್' ಎಂದು ತಿದ್ದಿ ಬರೆದ ಮಾತ್ರಕ್ಕೆ ನೆಲದ ಗುಣ ಬದಲಾಗದು.

ಮರವಂತೆಯ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ, ಏಕೆಂದರೆ ಅದು ನಮ್ಮದೇ ತಾಲೂಕಿನ ಹೆಮ್ಮೆಯಾಗಿತ್ತು (ಈಗ ಬೈಂದೂರು ಬೇರೆ ತಾಲೂಕಾದ ಮೇಲೆ ಲೆಕ್ಕ ಬೇರೆ, ಮನಸ್ಸು ಹಳೆಯ ನಕ್ಷೆಯಲ್ಲೇ ಇದೆ). ಕೊಡಚಾದ್ರಿಯ ಮಗ್ಗುಲಿನಿಂದ ಇಳಿದು ಬರುವ ಸೌಪರ್ಣಿಕೆ ಅಲ್ಲಿ ಕಡಲಿಗೆ ಕೂಗಳತೆಯ ದೂರದವರೆಗೆ ಬಂದು, ಸೇರದೆ, ತಿರುಗಿ ತೆಂಕಣಕ್ಕೆ ಹರಿದು ಸುಮಾರು 10 ಕಿಲೋಮೀಟರ್ ಆಚೆ ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯಾಗಿ ಸಾಗರವನ್ನು ಸೇರುತ್ತಾಳೆ. ಆ ಎರಡು ನೀರಿನ ನಡುವಿನ ಕಿರಿದಾದ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ. ನೋಡಲು ಅದಕ್ಕಿಂತ ಚೆಂದದ ಜಾಗ ದೇಶದಲ್ಲೇ ಅಪರೂಪ. ಆದರೆ ಅಲ್ಲಿ ಹೆದ್ದಾರಿಯನ್ನು ಉಳಿಸಿಕೊಳ್ಳಲು ಸರಕಾರವೇ ಲಾರಿಗಟ್ಟಲೆ ಬಂಡೆ ಸುರಿದಿದೆ. ಸರಕಾರಕ್ಕೆ ಬಂಡೆ ಸುರಿಯುವ ಶಕ್ತಿ ಇದೆ. ನಿಮ್ಮ ಪಿಂಚಣಿಯಲ್ಲಿ ಎಷ್ಟು ಲಾರಿ ಬಂಡೆ ಬರುತ್ತದೆ?

ಗೋಕರ್ಣ, ಕುಮಟೆ, ಹೊನ್ನಾವರದ ಕಡೆಯ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಹಿನ್ನೀರು, ಉಪ್ಪು ನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನಾಗರ, ಇವನ್ನು ಮಕ್ಕಳಿಗೆ ತೋರಿಸಲು ಪ್ರವಾಸ ಕರೆದುಕೊಂಡು ಹೋದವನು ನಾನು. ಆದರೆ ಎಪ್ಪತ್ತು ದಾಟಿದವನಿಗೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಾಗ ಅಘನಾಶಿನಿ ಏನು ಮಾಡೀತು? ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಆ ಜಿಲ್ಲೆಯವರ ಹಳೆಯ ಕೂಗು ಮತ್ತೆ ಭುಗಿಲೆದ್ದದ್ದು ಆಗಲೇ. ಅಲ್ಲೇ ಹುಟ್ಟಿ ಬೆಳೆದವರು ಹೀಗೆ ಕೂಗುತ್ತಿರುವಾಗ, ಎರಡು ಸ್ಟೆಂಟ್ ಹಾಕಿಸಿಕೊಂಡ ನನ್ನ ಶಿಷ್ಯನೊಬ್ಬ ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಜಾಗ ನೋಡುತ್ತಿದ್ದಾನೆ!

ಹಾಗೆಂದು ಗುಡ್ಡವೂ ನಂಬಿಕೆಯ ಜಾಗವಲ್ಲ. ಇನ್ನೊಂದು ಶಿರೂರು ಇದೆ, ಅಂಕೋಲೆಯ ಹತ್ತಿರ. (ಒಂದೇ ಹೆಸರಿನ ಎರಡು ಊರು, ಎರಡರ ಹೆಸರೂ ದುಃಖದ ಸುದ್ದಿಗೇ ಪತ್ರಿಕೆಯ ಮುಖಪುಟಕ್ಕೆ ಬಂದದ್ದು ದುರ್ದೈವ.) 2024ರ ಜುಲೈ 16ರ ಬೆಳಗ್ಗೆ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಕುಸಿದು ರಸ್ತೆ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಚಿಮ್ಮಿ ಎದುರು ದಡದ ಉಳುವರೆಯ ಮನೆಗಳ ಮೇಲೆ ಎರಗಿತು. ಹೊಳೆಯ ಅಂಚಿನಲ್ಲಿ ಶಾಂತವಾಗಿ ಇದ್ದವರ ಮನೆಗಳು, ಆಚೆ ದಡದ ಗುಡ್ಡ ಬಿದ್ದದ್ದಕ್ಕೆ ನೀರು ಪಾಲಾದವು. ಯಾವ ಕೋಷ್ಟಕದಲ್ಲಿ ಇದಕ್ಕೆ ಅಂಕ ಇಡುತ್ತೀರಿ?

ಕಾರವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಡ್ಡಕ್ಕೂ ಕಡಲಿಗೂ ನಡುವೆ ಇರುವ ಇಷ್ಟಗಲ ನೆಲದಲ್ಲಿ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಎದ್ದು ಹೋದ ಸೀಮೆ ಅದು. ಗೋವೆಯನ್ನು ಕೇಳುವವರಿಗೆ ನನ್ನ ಉತ್ತರ ಇನ್ನೂ ಚಿಕ್ಕದು: ವಿಹಾರಕ್ಕೆ ಹೋಗಿ ಬನ್ನಿ.

ನೀರಿನ ವಿಷಯವನ್ನು ಮಾತ್ರ ವಿಸ್ತರಿಸಿ ಹೇಳಲೇಬೇಕು. ಕಡಲ ದಂಡೆಯ ಬಾವಿಯಲ್ಲಿ ಸಿಹಿನೀರು ಹೇಗೆ ನಿಲ್ಲುತ್ತದೆ? ಮಳೆಯ ನೀರು ಹೊಯಿಗೆಯಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೇಲಿಕೊಂಡು ಇರುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ. ಸಮುದ್ರ ಮಟ್ಟಕ್ಕಿಂತ ಸಿಹಿನೀರು 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಅದು ಉಪ್ಪನ್ನು ಒತ್ತಿ ಹಿಡಿಯುತ್ತದೆ ಎಂಬುದು ಶಾಸ್ತ್ರದ ಲೆಕ್ಕ. ಅದನ್ನೇ ತಿರುಗಿಸಿ ಓದಿ. ಬೋರ್‌ವೆಲ್ಲಿಗೆ ಪಂಪು ಹಾಕಿ ಮೇಲಿನ ಮಟ್ಟವನ್ನು 1 ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪು 40 ಅಡಿ ಮೇಲೇರಲು ದಾರಿಯಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್ ಬಂತೆಂದರೆ ಟ್ಯಾಂಕರಿನ ಹಾರ್ನ್ ಕೇಳಿಸುವುದು ಯಾಕೆಂದು ಈಗ ತಿಳಿಯಿತೇ? ಹಿಂದೆ ಏತದಲ್ಲೋ ರಾಟೆಯಲ್ಲೋ ಸೇದುವಷ್ಟು ನೀರು ಸಿಹಿಯಾಗಿ ಉಳಿಯುತ್ತಿತ್ತು. ಹೊಸದಾಗಿ ಬಂದವರ ಹುಲ್ಲುಹಾಸಿಗೆ, ಈಜುಕೊಳಕ್ಕೆ ಮೊಗೆದ ಮೇಲೆ ಪಕ್ಕದ ಮೀನುಗಾರರ ಬಾವಿ ಉಪ್ಪಾಗುತ್ತದೆ. ಹೊಸಬರು ಹಣ ಕೊಟ್ಟು ಟ್ಯಾಂಕರ್ ತರಿಸುತ್ತಾರೆ. ಪಕ್ಕದವರು ಕೊಡ ಹಿಡಿದುಕೊಂಡು ಪಂಚಾಯತಿನ ನಲ್ಲಿಯ ಮುಂದೆ ನಿಲ್ಲುತ್ತಾರೆ.

ಕಾನೂನಿನ ಪಾಠವನ್ನೂ ಸ್ವಲ್ಪ ಮಾಡಿಬಿಡುತ್ತೇನೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಒಂದೊಂದು ಸಲವೂ ಸ್ವಲ್ಪ ಸ್ವಲ್ಪ ಸಡಿಲವಾಯಿತೆಂದು ನನ್ನಂಥವರ ದೂರು. ಆದರೂ 2019ರ ಅಧಿಸೂಚನೆಯ ಪ್ರಕಾರವೇ, ಜನವಸತಿ ದಟ್ಟವಲ್ಲದ ಹಳ್ಳಿಗಾಡಿನಲ್ಲಿ ಉಬ್ಬರದ ರೇಖೆಯಿಂದ 200 ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಮಾತ್ರ ಅದು 50 ಮೀಟರ್. ಉಬ್ಬರವಿಳಿತ ಮುಟ್ಟುವ ಹೊಳೆ, ಹಿನ್ನೀರುಗಳ ಅಂಚಿಗೂ ನಿರ್ಬಂಧ ಇದೆ. ಇದನ್ನು ಹೇಳಿದರೆ ದಲ್ಲಾಳಿಯ ಬಳಿ ಸಿದ್ಧ ಉತ್ತರವಿದೆ: "ಹಳೇ ಮನೆ ನಂಬ್ರ ಇದೆ ಸರ್, ರಿಪೇರಿ ಅಂತ ತೋರಿಸಿ ಕಟ್ಟಬಹುದು." ಯಾರ ಹಳೆಯ ಮನೆ? ಸಾಲ ತೀರಿಸಲಾಗದೆ ಮಾರಿ ಹೋದ ಮೀನುಗಾರನ ಮನೆ. ತಲೆತಲಾಂತರದಿಂದ ಅಲ್ಲಿದ್ದಾನೆಂಬ ಕಾರಣಕ್ಕೆ ಕಾನೂನು ಅವನಿಗೆ ಕೊಟ್ಟ ರಿಯಾಯಿತಿಯನ್ನು ಬೆಂಗಳೂರಿನ ನಿವೃತ್ತ ಅಧಿಕಾರಿ ಹಣ ಕೊಟ್ಟು ಧರಿಸಿಕೊಳ್ಳುವುದು ನನಗೆ ನಾಚಿಕೆಗೇಡಿನ ಸಂಗತಿಯಾಗಿ ಕಾಣುತ್ತದೆ.

ಪಂಚಾಯತಿಯ ಪರವಾನಗಿ ಇದ್ದರೆ ಸಾಕು ಎನ್ನುವವರು ಕೊಚ್ಚಿಯ ಮರಡಿನ ಕಥೆ ಓದಲಿ. ಹಿನ್ನೀರಿನ ಅಂಚಿನ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳು. ಸ್ಥಳೀಯ ಸಂಸ್ಥೆಯ ಅನುಮತಿ ಇತ್ತು, ನೋಂದಣಿ ಆಗಿತ್ತು, ಜನ ವರ್ಷಗಟ್ಟಲೆ ವಾಸವಾಗಿಯೂ ಇದ್ದರು. ನಿಯಂತ್ರಣ ವಲಯದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 2019ರ ಮೇ ತಿಂಗಳಲ್ಲಿ ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದ್ದನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ಮನೆಯವರಿಗೆ ಮಧ್ಯಂತರ ಪರಿಹಾರವೆಂದು 25 ಲಕ್ಷ ರೂಪಾಯಿ ಕೊಡಿಸಲು ಹೇಳಿದ್ದೂ ಅದೇ ನ್ಯಾಯಾಲಯ. ಅರುವತ್ತೈದರ ವಯಸ್ಸಿನಲ್ಲಿ ಆ ಹಣ ಹಿಡಿದುಕೊಂಡು ಮತ್ತೆ ಮನೆ ಹುಡುಕುವ ಚೈತನ್ಯ ನಿಮಗಿದೆಯೇ?

ಪರದೇಶದಲ್ಲಿರುವ ಶಿಷ್ಯರಿಗೆ ಪ್ರತ್ಯೇಕವಾಗಿ ಒಂದು ಮಾತು. 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಅವಕಾಶವಾಯಿತು, ನಿಜ. ಆದರೆ ಅನಿವಾಸಿ ಭಾರತೀಯರು ಕೃಷಿಭೂಮಿ, ತೋಟ, ತೋಟದ ಮನೆ ಕೊಳ್ಳಬಾರದೆಂಬ ಕೇಂದ್ರದ ವಿದೇಶಿ ವಿನಿಮಯ ನಿಯಮ ಹಾಗೆಯೇ ಇದೆ. "ಹೊಳೆ ಬದಿಯ ಎರಡು ಎಕರೆ ತೆಂಗಿನ ತೋಟ" ಎಂಬ ಜಾಹೀರಾತು ನಿಮಗಾಗಿ ಅಲ್ಲ. ಇನ್ನು ನಮ್ಮ ಕಡೆಯ 'ಕುಮ್ಕಿ'ಯ ವಿಷಯ: ವರ್ಗ ಜಾಗಕ್ಕೆ ತಾಗಿದ ಸರಕಾರಿ ನೆಲವನ್ನು ಸೊಪ್ಪು, ಸೌದೆಗೆ ಬಳಸಿಕೊಳ್ಳುವ ಹಕ್ಕದು, ಒಡೆತನವಲ್ಲ. ಬೇಲಿಯೊಳಗೆ ಸೇರಿಸಿ ತೋರಿಸಿದ ಮಾತ್ರಕ್ಕೆ ಪಹಣಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ.

"ಎಲ್ಲದಕ್ಕೂ ಅಡ್ಡ ಹೇಳುವ ಈ ಮುದುಕ ಸ್ವತಃ ಕರಾವಳಿಯಲ್ಲೇ ಕುಳಿತು ಉಳಿದವರನ್ನು ಬರಬೇಡಿ ಎನ್ನುತ್ತಾನೆ" ಎಂದು ಗೊಣಗುವವರಿದ್ದೀರಿ, ಬಲ್ಲೆ. ಬನ್ನಿ ಎಂದೇ ನಾನು ಹೇಳುವುದು. ಕುಂದಾಪುರ ಪೇಟೆಗೆ ಬನ್ನಿ. ಹೊನ್ನಾವರ, ಕುಮಟೆಯ ಪೇಟೆಗಾದರೂ ಸರಿ, ಆರೋಗ್ಯ ಗಟ್ಟಿಯಿದ್ದರೆ. ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗೆ, ಮುರಕಲ್ಲಿನ ಗಟ್ಟಿ ನೆಲದ ಮೇಲೆ, ಬಸ್ಸು ನಿಲ್ಲುವ, ಔಷಧದಂಗಡಿಯಿರುವ, ಸಂಜೆ ಯಾರಾದರೂ "ಊಟ ಆಯ್ತಾ?" ಎಂದು ಕೇಳುವ ಓಣಿಯಲ್ಲಿ ಮನೆ ಮಾಡಿ. ಕುಂದಾಪುರಕ್ಕೆ ಮೂರು ದಿಕ್ಕಿನಲ್ಲೂ ನೀರಿದೆ, ನೀರಿಗೇನೂ ಬರವಿಲ್ಲ. ಕೊಂಕಣ ರೈಲು 1998ರಿಂದ ಓಡುತ್ತಿದೆ. ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರ್. ಕಡಲು ಬೇಕೆನಿಸಿದ ದಿನ ರಿಕ್ಷಾ ಹತ್ತಿ ಕೋಡಿಗೆ ಹೋಗಿ ಕುಳಿತು, ಕತ್ತಲಾಗುವ ಮೊದಲು ಹಿಂತಿರುಗಿ. ಕಡಲಂಚಿನ ಮನೆಯಲ್ಲಿ ಕಬ್ಬಿಣದ ಸರಳು ಉಬ್ಬಿ ಕಾಂಕ್ರೀಟು ಉದುರುವುದನ್ನು, ಫ್ರಿಜ್ಜಿಗೆ ತುಕ್ಕು ಹಿಡಿಯುವುದನ್ನು ನೋಡುತ್ತಾ ಕೂರುವುದಕ್ಕಿಂತ ಇದು ಅಗ್ಗ.

ಒಂದು ಪರೀಕ್ಷೆಯನ್ನೂ ಇಡುತ್ತೇನೆ. ಯಾವ ಊರನ್ನೇ ಆರಿಸಿಕೊಳ್ಳಿ, ಮುಂಗಡ ಕೊಡುವ ಮೊದಲು ಅಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಾಡಿಗೆಗೆ ಇರಿ. ಪಡುಗಾಳಿಗೆ ಹೆಂಚು ಹಾರುವುದನ್ನು, ಮೂರು ದಿನ ಕರೆಂಟು ಬಾರದಿರುವುದನ್ನು, ಆಸಾಡಿಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದಿರುವುದನ್ನು ಕಂಡು, ಆಮೇಲೂ ಮನಸ್ಸಾದರೆ ಪಹಣಿ ಹಿಡಿದುಕೊಂಡು ನನ್ನಲ್ಲಿಗೆ ಬನ್ನಿ. ನನ್ನ ಅಳಿಯನಿಗೂ ಇದನ್ನೇ ಹೇಳಿದೆ. ಅವನು ಕಳೆದ ಜುಲೈಯಲ್ಲಿ ಹದಿಮೂರು ದಿನ ಇದ್ದ. ಹದಿನಾಲ್ಕನೆಯ ದಿನ ಬಸ್ಸು ಹತ್ತಿದ. ಈಗ ಪೇಟೆಯಲ್ಲಿ ಹಳೆಯ ಹೆಂಚಿನ ಮನೆಯೊಂದರ ಮಾತುಕತೆ ನಡೆದಿದೆ.

ಇಷ್ಟೆಲ್ಲ ಬರೆದದ್ದು ಕೊಳ್ಳುವವರ ಕ್ಷೇಮಕ್ಕಾಗಿ ಮಾತ್ರ ಎಂದು ತಿಳಿದರೆ ನನ್ನ ಸಿಟ್ಟಿನ ಅರ್ಧವಷ್ಟೇ ನಿಮಗೆ ತಲಪಿದಂತೆ. ದಂಡೆ ಖಾಲಿ ಜಾಗವಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿರುವಾಗ ನಾಡದೋಣಿಯವರು ಕಡಲಿಗೆ ಇಳಿಯುವುದು ಈ ದಂಡೆಯಿಂದಲೇ. ಕೈರಂಪಣಿ ಎಳೆಯಬೇಕಾದರೆ ಹತ್ತಾರು ಜನ ಎರಡು ಸಾಲಾಗಿ ನಿಂತು ಹಿಂದೆ ಹಿಂದೆ ಸರಿಯಲು ಉದ್ದಗಲವಾದ ಹೊಯಿಗೆ ಬೇಕು. ದೋಣಿ ಏರಿಸಿಡಲು ಜಾಗ ಬೇಕು, ಬಲೆ ಹರಡಲು ಬೇಕು, ಮೀನು ಒಣಗಿಸಲು ಬೇಕು. ಇವು ಯಾವುದಕ್ಕೂ ಪಹಣಿ ಇಲ್ಲ; ರೂಢಿಯೇ ದಾಖಲೆ. ಮೊದಲು ಒಂದು ಬಂಗಲೆ ಬರುತ್ತದೆ. ಆಮೇಲೆ ಆವರಣದ ಗೋಡೆ. ಆಮೇಲೆ ಕಾವಲುಗಾರ. ಆಮೇಲೆ "ಮೀನಿನ ವಾಸನೆ" ಎಂದು ಪಂಚಾಯತಿಗೆ ದೂರು. ಊರಿನವರಿಗೆ ಒಳ್ಳೆಯ ಬೆಲೆ ಸಿಕ್ಕಿತಲ್ಲ ಎನ್ನುತ್ತೀರಿ. ಬೆಲೆ ಸಿಕ್ಕಿದ್ದು ಮಾರಿದ ಒಬ್ಬನಿಗೆ, ಒಂದು ಸಲ. ದಾರಿ ಹೋದದ್ದು ಮಾರದ ಎಲ್ಲರಿಗೂ.

ನಮ್ಮ ಊರಿನಲ್ಲೇ ಇದು ಆಗಿದೆ. ತೆಂಗಿನ ತೋಟದ ನಡುವೆ ಕಡಲಿಗೆ ಇಳಿಯುವ ಓಣಿ, ನಾನು ಹುಡುಗನಾಗಿದ್ದಾಗ ಎರಡು ಕಾವಡಿ ಎದುರುಬದುರಾಗಿ ಹಾಯುವಷ್ಟು ಅಗಲವಿತ್ತು. ಕಳೆದ ವರ್ಷ ಅದರ ಅರ್ಧವನ್ನು ನುಂಗಿ ಆರಡಿ ಎತ್ತರದ ಗೋಡೆ ಎದ್ದಿದೆ. ಕೊನೆಯಲ್ಲಿ ಗೇಟು, ಗೇಟಿಗೆ ಬೀಗ. ಮೀನು ಹೊತ್ತು ಬರುವ ಹೆಂಗಸರು ಈಗ ಮುಕ್ಕಾಲು ಕಿಲೋಮೀಟರ್ ಸುತ್ತು ಹಾಕಿ ಮಾರ್ಗಕ್ಕೆ ಬರುತ್ತಾರೆ. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿನಿಯರು. ಗೋಡೆ ಕಟ್ಟಿಸಿದವನೂ ನನ್ನ ವಿದ್ಯಾರ್ಥಿಯೇ. ಅದೇ ತರಗತಿ, ಒಂದೇ ಕೋಣೆಯಲ್ಲಿ ಕುಳಿತವರು.

ಅವನ ಹೆಸರು ಬರೆಯುವುದಿಲ್ಲ. ಆದರೆ ನೀನು ಇದನ್ನು ಓದುತ್ತೀ ಎಂದು ನನಗೆ ಗೊತ್ತು. ನಿನ್ನ ಮನೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಕಟ್ಟಿಯಾಗಿದೆ, ಮಳೆಗಾಲ ನೋಡಿಕೊಳ್ಳುತ್ತದೆ. ಓಣಿಯ ಬೀಗ ತೆಗೆ. ಗೋಡೆಯನ್ನು ಹಳೆಯ ಕಲ್ಲಿನ ಗಡಿಗೆ ಸರಿಸು. ಮುಂದಿನ ಗ್ರಾಮಸಭೆಯಲ್ಲಿ ಆ ಇಬ್ಬರು ಹೆಂಗಸರ ಅರ್ಜಿಯನ್ನು ಓದುವವನು ನಾನೇ. ಅವರು ಕೇಳಿಕೊಂಡಿದ್ದಾರೆ, ಒಪ್ಪಿಕೊಂಡಿದ್ದೇನೆ. ಅದಕ್ಕೆ ಮುನ್ನ ಒಮ್ಮೆ ಮನೆಗೆ ಬಾ. ಚಹಾ ಕುಡಿದು, ಇಬ್ಬರೂ ನಡೆದುಕೊಂಡೇ ಹೋಗಿ ಗಡಿ ಕಲ್ಲು ಎಲ್ಲಿತ್ತೆಂದು ನೋಡಿ ಬರೋಣ. ನನಗೆ ಆ ಜಾಗ ಸರಿಯಾಗಿ ನೆನಪಿದೆ, ನಿನಗೂ ಇರಬೇಕು.